ಸಾಲಕ್ಕೆ ಸಿಕ್ಕಿದ ಸೀಮೆ: ವಿಲಿಯಂ ಪೆನ್ ಮತ್ತು ಪೆನ್ಸಿಲ್ವೇನಿಯದ ಹುಟ್ಟು

2026ರ ಜುಲೈ 4ಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ. ಘೋಷಣೆ ಹೊರಬಿದ್ದದ್ದು ಫಿಲಡೆಲ್ಫಿಯದಲ್ಲಿ. ಆ ಊರಿನ ನಗರಸಭಾ ಕಟ್ಟಡದ ತುದಿಯಲ್ಲಿ, ನೆಲದಿಂದ 500 ಅಡಿಗೂ ಮೇಲೆ, ಅಗಲ ಅಂಚಿನ ಟೋಪಿ ಹಾಕಿದ ಒಬ್ಬ ಮನುಷ್ಯನ 37 ಅಡಿಯ ಕಂಚಿನ ಪ್ರತಿಮೆ ನಿಂತಿದೆ. ಮಕ್ಕಳ ಮನೆಗೆಂದು ಹೋದ ಕನ್ನಡಿಗರು ಅದನ್ನು ಜಾರ್ಜ್ ವಾಷಿಂಗ್ಟನ್ ಅಥವಾ ಬೆಂಜಮಿನ್ ಫ್ರಾಂಕ್ಲಿನ್ ಎಂದುಕೊಳ್ಳುವುದು ಸಹಜ. ಇಬ್ಬರೂ ಅಲ್ಲ, ಅದು ವಿಲಿಯಂ ಪೆನ್. ಸ್ವಾತಂತ್ರ್ಯಕ್ಕೆ ಸುಮಾರು 95 ವರ್ಷ ಮೊದಲು, ಫಿಲಡೆಲ್ಫಿಯ ಇರುವ ಪೆನ್ಸಿಲ್ವೇನಿಯ ಸೀಮೆಯನ್ನು ಕಟ್ಟಲು ಹೊರಟವನು.

ಪ್ರತಿಮೆಯ ಎಡಗೈಯಲ್ಲಿ ಒಂದು ಕಾಗದವಿದೆ. ಪೆನ್ನನ ಕಥೆ ತಿಳಿಯಬೇಕಾದರೆ ಆ ಕಾಗದದಿಂದಲೇ ಶುರು ಮಾಡಬೇಕು.

ಕೈಯಲ್ಲಿರುವ ಕಾಗದ ಯಾವುದು?

ಅದು 1681ರ ಮಾರ್ಚ್ 4ರಂದು ಇಂಗ್ಲೆಂಡಿನ ರಾಜ ಎರಡನೆಯ ಚಾರ್ಲ್ಸ್ ಕೊಟ್ಟ ಸನ್ನದು. ನಮ್ಮಲ್ಲಿ ಅರಸರು ಊರನ್ನೋ ಭೂಮಿಯನ್ನೋ ಇನಾಂ ಬಿಟ್ಟು ಸನ್ನದು ಬರೆದುಕೊಡುತ್ತಿದ್ದರಲ್ಲ, ಅದೇ ಜಾತಿಯದು. ಅಳತೆ ಮಾತ್ರ ಬೇರೆ: ಸುಮಾರು 45,000 ಚದರ ಮೈಲಿ. ಇವತ್ತಿನ ಕರ್ನಾಟಕವನ್ನು ಹತ್ತು ಪಾಲು ಮಾಡಿದರೆ ಅದರಲ್ಲಿ ಆರು ಪಾಲಿನಷ್ಟು ನೆಲ, ಒಬ್ಬನ ಹೆಸರಿಗೆ.

ಪೆನ್ ಬರೀ ಜಮೀನುದಾರನಾಗಲಿಲ್ಲ. ಕಾನೂನು ಮಾಡುವ, ನ್ಯಾಯಾಧೀಶರನ್ನು ನೇಮಿಸುವ, ಊರು ಕಟ್ಟುವ, ಜಮೀನು ಮಾರುವ ಅಧಿಕಾರವೂ ಬಂತು. ಇಂಥ ವಸಾಹತನ್ನು ಒಡೆಯನ ವಸಾಹತು ಎನ್ನುತ್ತಿದ್ದರು. ಕಾನೂನು ಮಾಡಲು ಊರವರ ಒಪ್ಪಿಗೆ ಬೇಕು, ಆ ಕಾನೂನುಗಳನ್ನು ಐದು ವರ್ಷದೊಳಗೆ ಲಂಡನ್ನಿಗೆ ಕಳಿಸಬೇಕು ಎಂಬ ಷರತ್ತುಗಳಿದ್ದವು. ಪ್ರತಿಯಾಗಿ ರಾಜನಿಗೆ ಸಲ್ಲಬೇಕಾದ್ದು ವರ್ಷಕ್ಕೆ ಎರಡು ಬೀವರ್ ಚರ್ಮ, ಜೊತೆಗೆ ಚಿನ್ನ ಬೆಳ್ಳಿಯ ಅದಿರು ಸಿಕ್ಕರೆ ಐದರಲ್ಲಿ ಒಂದು ಪಾಲು. ಬೀವರ್ ಎಂದರೆ ನದಿಗೆ ಕಟ್ಟೆ ಕಟ್ಟುವ, ದಟ್ಟ ತುಪ್ಪಳದ ಪ್ರಾಣಿ. ಟೋಪಿ ಮಾಡಲು ಅದರ ತುಪ್ಪಳಕ್ಕೆ ಆಗ ಬಲು ಬೇಡಿಕೆ.

ಮಿನೆಟಿಯಿಂದ ಟವರ್ ಹಿಲ್‌ಗೆ

ಪೆನ್ ಮನೆತನದ ಗುರುತು ಸಿಗುವುದು ಇಂಗ್ಲೆಂಡಿನ ವಿಲ್ಟ್‌ಶೈರ್ ಕಡೆಯ ಮಿನೆಟಿ ಎಂಬ ಹಳ್ಳಿಯಲ್ಲಿ. ಬಕಿಂಗ್‌ಹ್ಯಾಮ್‌ಶೈರಿನಲ್ಲಿ ಪೆನ್ ಎಂಬ ಊರೂ ಅದೇ ಹೆಸರಿನ ಹಳೆಯ ಸಿರಿವಂತ ಮನೆತನವೂ ಇದ್ದು, ಇವರೂ ಅವರ ಕಡೆಯವರೇ ಎಂಬ ಮಾತಿದೆ. ಅದಕ್ಕೆ ದಾಖಲೆಯ ಬಲವಿಲ್ಲ. ತಾತ ಜೈಲ್ಸ್ ಪೆನ್ ಬ್ರಿಸ್ಟಲ್ ಬಂದರಿನ ಹಡಗಿನ ವ್ಯಾಪಾರಿ. ಮೊರಾಕೊ ಕಡೆ ವ್ಯವಹಾರ ಮಾಡಿ, ಅಲ್ಲಿನ ಸಲೆ ಬಂದರಿನಲ್ಲಿ ಇಂಗ್ಲೆಂಡಿನ ಕಾನ್ಸಲ್ ಆದವನು.

ಮನೆತನದ ದೆಸೆ ತಿರುಗಿದ್ದು ಅಪ್ಪನ ಕಾಲಕ್ಕೆ. ಅವನ ಹೆಸರೂ ವಿಲಿಯಂ ಪೆನ್ನೇ. ಗೊಂದಲ ಬೇಡವೆಂದು ಅಪ್ಪನನ್ನು ಇಲ್ಲಿ ಅಡ್ಮಿರಲ್ ಎನ್ನೋಣ. 1621ರಲ್ಲಿ ಹುಟ್ಟಿದವನು. ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆದಾಗ ಪಾರ್ಲಿಮೆಂಟಿನ ನೌಕಾಪಡೆಯಲ್ಲಿ ಮೇಲೇರಿದ. 1655ರಲ್ಲಿ, ರಾಜನಿಲ್ಲದ ಇಂಗ್ಲೆಂಡನ್ನು ಆಗ ಆಳುತ್ತಿದ್ದ ಕ್ರಾಮ್‌ವೆಲ್ ಕಳಿಸಿದ ದಂಡಯಾತ್ರೆ ಹಿಸ್ಪಾನಿಯೋಲ ದ್ವೀಪದಲ್ಲಿ ಸೋತು ಜಮೈಕಾವನ್ನು ಹಿಡಿಯಿತು. ಹಿಂದಿರುಗಿದ ಅಡ್ಮಿರಲ್‌ಗೆ ಸಿಕ್ಕ ಬಹುಮಾನ ಕೆಲವು ವಾರಗಳ ಸೆರೆವಾಸ. 1660ರಲ್ಲಿ ಗಾಳಿ ತಿರುಗಿ, ದೇಶ ಬಿಟ್ಟಿದ್ದ ಚಾರ್ಲ್ಸ್‌ನನ್ನು ಕರೆತರಲು ಹೋದ ಹಡಗುಗಳಲ್ಲಿ ಇವನೂ ಇದ್ದ. ಸರ್ ಪದವಿ ಬಂತು. ರಾಜನ ತಮ್ಮ ಜೇಮ್ಸ್, ಅಂದರೆ ಡ್ಯೂಕ್ ಆಫ್ ಯಾರ್ಕ್, ನೌಕಾಪಡೆಯ ಮುಖ್ಯಸ್ಥ. ಅಡ್ಮಿರಲ್ ಅವನ ಬಲಗೈ. ಈ ನಂಟನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ತಾಯಿ ಮಾರ್ಗರೆಟ್ ಜಾಸ್ಪರ್, ಹಾಲೆಂಡಿನ ರಾಟರ್‌ಡ್ಯಾಮಿನ ವ್ಯಾಪಾರಿಯೊಬ್ಬನ ಮಗಳು. ಅಡ್ಮಿರಲ್‌ನನ್ನು ಮದುವೆಯಾಗುವಾಗ ಆಕೆ ವಿಧವೆ. ಮಗ ವಿಲಿಯಂ ಹುಟ್ಟಿದ್ದು 1644ರ ಅಕ್ಟೋಬರ್ 14ರಂದು, ಲಂಡನ್ನಿನ ಟವರ್ ಕೋಟೆಯ ಪಕ್ಕದ ಟವರ್ ಹಿಲ್‌ನಲ್ಲಿ. (ಕೆಲವೆಡೆ ಅಕ್ಟೋಬರ್ 24 ಎಂದು ಕಂಡರೆ ಅದೂ ತಪ್ಪಲ್ಲ. ಇಂಗ್ಲೆಂಡ್ ಆಗ ಹಳೆಯ ಪಂಚಾಂಗ ಬಳಸುತ್ತಿತ್ತು, ಅದು ಇಂದಿನ ಪಂಚಾಂಗಕ್ಕಿಂತ ಹತ್ತು ದಿನ ಹಿಂದೆ. ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿದ್ದರಿಂದ ಸನ್ನದಿನ ಇಸವಿಯಲ್ಲೂ ಇಂಥದ್ದೇ ಗೊಂದಲವಿದೆ. ಇಲ್ಲಿ ದಿನಗಳು ಹಳೆಯ ಲೆಕ್ಕದವು, ಇಸವಿ ಮಾತ್ರ ಇಂದಿನ ಲೆಕ್ಕದ್ದು.)

ಅಡ್ಮಿರಲ್‌ಗೆ ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಜಮೀನಿತ್ತು. ಮೊದಲು ಮಕ್ರೂಮ್‌ನಲ್ಲಿ, ಆಮೇಲೆ ಅದರ ಬದಲಿಗೆ ಶಾನಗ್ಯಾರಿಯಲ್ಲಿ. ಮಗನನ್ನು ಆಕ್ಸ್‌ಫರ್ಡಿಗೆ ಸೇರಿಸಿದ. ಸರ್ಕಾರಿ ಚರ್ಚಿನ ಪೂಜಾಕ್ರಮ ಒಪ್ಪದ್ದಕ್ಕೆ 1662ರಲ್ಲಿ ಅಲ್ಲಿಂದ ಹೊರಹಾಕಿದರು. ಫ್ರಾನ್ಸಿಗೆ ಕಳಿಸಿದ. ಲಿಂಕನ್ಸ್ ಇನ್‌ನಲ್ಲಿ ಕಾನೂನು ಓದಲು ಹಾಕಿದ. ಪ್ಲೇಗ್ ಬಂದು ಓದು ನಿಂತಿತು. ಕೊನೆಗೆ ಜಮೀನು ನೋಡಿಕೊಂಡು ಬಾ ಎಂದು ಐರ್ಲೆಂಡಿಗೆ ಕಳಿಸಿದ. ಅಲ್ಲಿ, 1667ರಲ್ಲಿ, ಮಗ ಕ್ವೇಕರ್ ಆದ.

ಕ್ವೇಕರ್ ಅಂದರೆ ಯಾರು?

1650ರ ಆಸುಪಾಸಿನಲ್ಲಿ ಜಾರ್ಜ್ ಫಾಕ್ಸ್ ಎಂಬವನ ಸುತ್ತ ಬೆಳೆದ ಕ್ರೈಸ್ತ ಪಂಥ. ತಮ್ಮನ್ನು ಅವರು ಸ್ನೇಹಿತರು ಎಂದು ಕರೆದುಕೊಂಡರು. ಕ್ವೇಕರ್, ಅಂದರೆ ನಡುಗುವವರು, ಎಂಬುದು ಉಳಿದವರು ಇಟ್ಟ ಅಡ್ಡಹೆಸರು. ಪ್ರತಿಯೊಬ್ಬರಲ್ಲೂ ದೇವರ ಬೆಳಕಿದೆ ಎಂಬುದು ಅವರ ನಂಬಿಕೆಯ ತಿರುಳು. ಹಾಗಾಗಿ ಪಾದ್ರಿ ಬೇಡ, ಚರ್ಚಿಗೆ ಕೊಡುವ ದಶಾಂಶ ತೆರಿಗೆ ಬೇಡ, ಯುದ್ಧ ಬೇಡ. ಸಭೆಯಲ್ಲಿ ಸುಮ್ಮನೆ ಕುಳಿತು, ಒಳಗಿಂದ ಮಾತು ಬಂದವರು ಎದ್ದು ಮಾತಾಡುತ್ತಾರೆ.

ಅವರ ಮೇಲೆ ಸರ್ಕಾರಕ್ಕೆ ಏಕೆ ಅಷ್ಟು ಸಿಟ್ಟು ಎನ್ನುವುದು ಇಂದಿನ ಇಂಗ್ಲಿಷ್ ಓದುಗರಿಗಿಂತ ಕನ್ನಡಿಗರಿಗೆ ಬೇಗ ಅರ್ಥವಾದೀತು. ಆಗಿನ ಇಂಗ್ಲಿಷಿನಲ್ಲಿ ನಮ್ಮ ನೀನು–ನೀವು ಇದ್ದಂತೆ ಎರಡು ರೂಪಗಳಿದ್ದವು. ಕ್ವೇಕರರು ಎಲ್ಲರನ್ನೂ, ನ್ಯಾಯಾಧೀಶನನ್ನೂ, ಹೆತ್ತ ಅಪ್ಪನನ್ನೂ ಏಕವಚನದಲ್ಲೇ ಕರೆದರು. ದೊಡ್ಡವರೆದುರು ಟೋಪಿ ತೆಗೆಯಲಿಲ್ಲ. ಕೋರ್ಟಿನಲ್ಲಿ ಪ್ರಮಾಣ ಮಾಡಲಿಲ್ಲ. ಸದಾ ನಿಜ ಹೇಳುವವನಿಗೆ ಆಣೆ ಯಾಕೆ ಎಂಬುದು ವಾದ. ರಾಜನಿಗೆ ನಿಷ್ಠೆಯ ಪ್ರಮಾಣವನ್ನೂ ಮಾಡದವರು ಅಧಿಕಾರಿಗಳ ಕಣ್ಣಿಗೆ ದ್ರೋಹಿಗಳಂತೆ ಕಂಡರು. ಸಾವಿರಾರು ಮಂದಿ ಜೈಲು ಕಂಡರು.

ಪೆನ್ನನೂ ಕಂಡ. 1668ರಲ್ಲಿ ಬರೆದ ಒಂದು ಧಾರ್ಮಿಕ ಹೊತ್ತಿಗೆಗಾಗಿ, ತಾನು ಹುಟ್ಟಿದ ಮನೆಯ ಪಕ್ಕದಲ್ಲೇ ಇದ್ದ ಟವರ್ ಕೋಟೆಯಲ್ಲಿ ಸೆರೆಯಾದ. 1670ರಲ್ಲಿ ಲಂಡನ್ನಿನ ಗ್ರೇಸ್‌ಚರ್ಚ್ ಬೀದಿಯಲ್ಲಿ ಉಪದೇಶ ಮಾಡಿದ್ದಕ್ಕೆ ಅವನನ್ನೂ ವಿಲಿಯಂ ಮೀಡ್ ಎಂಬ ಸಂಗಡಿಗನನ್ನೂ ವಿಚಾರಣೆಗೆ ನಿಲ್ಲಿಸಿದರು. ಹನ್ನೆರಡು ಜನರ ಜ್ಯೂರಿ ತಪ್ಪಿತಸ್ಥರೆನ್ನಲು ಒಪ್ಪಲಿಲ್ಲ. ನ್ಯಾಯಾಧೀಶರು ಜ್ಯೂರಿಯನ್ನೇ ಎರಡು ರಾತ್ರಿ ಅನ್ನ, ನೀರು, ಬೆಂಕಿ ಕೊಡದೆ ಕೂಡಿಹಾಕಿದರು. ಆದರೂ ಜಗ್ಗಲಿಲ್ಲ, ದಂಡ ಹಾಕಿ ಜೈಲಿಗೆ ಕಳಿಸಿದರು. ಎಡ್ವರ್ಡ್ ಬುಶೆಲ್ ಎಂಬ ಜ್ಯೂರಿ ಸದಸ್ಯ ಅದನ್ನು ಪ್ರಶ್ನಿಸಿ ಗೆದ್ದ. ತೀರ್ಪು ಕೊಟ್ಟದ್ದಕ್ಕೆ ಜ್ಯೂರಿಯನ್ನು ಶಿಕ್ಷಿಸುವಂತಿಲ್ಲ ಎಂಬ ತತ್ವ ಇಂಗ್ಲಿಷ್ ಕಾನೂನಿನಲ್ಲಿ ನೆಲೆಗೊಂಡದ್ದು ಆ ಪ್ರಕರಣದಿಂದ. 1670ರ ಸೆಪ್ಟೆಂಬರಿನಲ್ಲೇ ಅಡ್ಮಿರಲ್ ತೀರಿಕೊಂಡ. ಆಸ್ತಿ ಮಗನಿಗೆ ಬಂತು, ರಾಜನಿಂದ ಬರಬೇಕಿದ್ದ ಬಾಕಿಯೂ ಬಂತು.

ಬಾಕಿ ನೆಲವಾದ ಬಗೆ

ಆ ಬಾಕಿ ಅಡ್ಮಿರಲ್‌ನ ಸಂಬಳದ್ದು ಮತ್ತು ನೌಕಾಪಡೆಯ ದಿನಸಿಗೆ ಅವನು ಕೈಯಿಂದ ಹಾಕಿದ ಹಣದ್ದು. 1680ರ ಹೊತ್ತಿಗೆ ಬಡ್ಡಿ ಸೇರಿ 16,000 ಪೌಂಡ್ ಆಗಿತ್ತು. ಚಾರ್ಲ್ಸ್‌ನ ಬೊಕ್ಕಸ ಎಂದೂ ತುಂಬಿದ್ದಲ್ಲ. 1672ರಲ್ಲಿ ಸಾಲ ಕೊಟ್ಟವರಿಗೆ ಪಾವತಿಯನ್ನೇ ನಿಲ್ಲಿಸಿದ ಸರ್ಕಾರ ಅದು. ಪೆನ್ ಹಣ ಕೇಳಲಿಲ್ಲ, ಡೆಲವೇರ್ ನದಿಯ ಪಶ್ಚಿಮದ ನೆಲ ಕೇಳಿದ. ರಾಜನಿಗೆ ಇದರಲ್ಲಿ ಮೂರು ಲಾಭ: ಕಾಸು ಬಿಚ್ಚದೆ ಸಾಲ ತೀರುತ್ತದೆ, ತಲೆನೋವಾಗಿದ್ದ ಕ್ವೇಕರರು ಕಡಲಾಚೆ ಹೋಗುತ್ತಾರೆ, ಖಾಲಿ ಎಂದು ತಾನು ಭಾವಿಸಿದ್ದ ನೆಲದಲ್ಲಿ ಇಂಗ್ಲಿಷರು ನೆಲೆಸುತ್ತಾರೆ. ಪಕ್ಕದ ನ್ಯೂಯಾರ್ಕಿನ ಒಡೆಯ ಡ್ಯೂಕ್ ಆಫ್ ಯಾರ್ಕ್ ಅಡ್ಡಬರಲಿಲ್ಲ. ಅಪ್ಪನ ನಂಟು ಕೆಲಸಕ್ಕೆ ಬಂದದ್ದು ಇಲ್ಲಿ.

ಹೆಸರಿನ ವಿಷಯಕ್ಕೊಂದು ಮಾತು. ಪೆನ್ ಮೊದಲು ನ್ಯೂ ವೇಲ್ಸ್ ಎಂದ, ಬೇಡವೆಂದಾಗ ಕಾಡು ಎಂಬರ್ಥದ ಸಿಲ್ವೇನಿಯ ಎಂದ. ರಾಜ ಅದಕ್ಕೆ ಅಡ್ಮಿರಲ್‌ನ ನೆನಪಿಗಾಗಿ ಪೆನ್ ಎಂದು ಸೇರಿಸಿದ. ತನ್ನದೇ ಹೆಸರಿಟ್ಟುಕೊಂಡ ಜಂಬಗಾರ ಎಂದಾರು ಎಂದು ಹೆದರಿ, ಹೆಸರು ಬದಲಿಸಲು ಪೆನ್ ಕಾರ್ಯದರ್ಶಿಯ ಕೈಕೆಳಗಿನವನಿಗೆ 20 ಗಿನಿ (ಚಿನ್ನದ ನಾಣ್ಯ) ಕೊಡಲು ಹೋದ. ಆಗಲಿಲ್ಲ. ಹಾಗಾಗಿ ಆ ರಾಜ್ಯಕ್ಕಿರುವುದು ಅಪ್ಪನ ಹೆಸರು, ಮಗನದ್ದಲ್ಲ.

ಜಮೀನು ಕೊಳ್ಳುವುದು ಹೇಗಿತ್ತು?

ನೆಲ ಸಿಕ್ಕಿತು, ಜನ ಬೇಕು. ಪೆನ್ 1681ರಲ್ಲೇ ವಿವರದ ಪತ್ರಿಕೆ ಅಚ್ಚುಹಾಕಿಸಿದ. ಇಂಗ್ಲಿಷ್ ಅಷ್ಟೇ ಅಲ್ಲ, ಡಚ್ ಮತ್ತು ಜರ್ಮನ್ ಭಾಷೆಗಳಲ್ಲೂ ಹಂಚಿಸಿದ. ಇಂದಿನ ಲೇಔಟ್ ಕರಪತ್ರದಂತೆ ಅದರಲ್ಲಿ ದರವೂ ಇತ್ತು, ಷರತ್ತೂ ಇತ್ತು.

ದುಡ್ಡಿದ್ದವನಿಗೆ 5,000 ಎಕರೆ (ಸುಮಾರು 20 ಚದರ ಕಿಲೋಮೀಟರ್) 100 ಪೌಂಡಿಗೆ. ಕೊಂಡ ಮೇಲೂ ಪ್ರತಿ 100 ಎಕರೆಗೆ ವರ್ಷಕ್ಕೆ ಒಂದು ಶಿಲ್ಲಿಂಗ್ (20 ಶಿಲ್ಲಿಂಗಿಗೆ ಒಂದು ಪೌಂಡ್) ಒಡೆಯನಿಗೆ ಕಟ್ಟಬೇಕು. ಇದು ಗೇಣಿಯೂ ಅಲ್ಲ, ಕಂದಾಯವೂ ಅಲ್ಲ. ಹಿಂದೆ ಮೈಸೂರು ಸೀಮೆಯಲ್ಲಿ ಇನಾಂ ಊರುಗಳು ಪೂರ್ತಿ ಕಂದಾಯದ ಬದಲು ಕಟ್ಟುತ್ತಿದ್ದ ಜೋಡಿ ಎಂಬ ಅಲ್ಪ ಮೊತ್ತಕ್ಕೆ ಹತ್ತಿರದ್ದು. 5,000 ಎಕರೆಗೆ ಎರಡೂವರೆ ಪೌಂಡ್ ಆಯಿತು. ಕೊಳ್ಳಲಾಗದವನು 200 ಎಕರೆಯವರೆಗೆ ಎಕರೆಗೆ ಒಂದು ಪೆನ್ನಿಯ ವಾರ್ಷಿಕ ಗೇಣಿಗೆ ಹಿಡಿಯಬಹುದಿತ್ತು. ಏನೂ ಇಲ್ಲದವನು ಹಡಗಿನ ಖರ್ಚು ಕೊಟ್ಟ ಯಜಮಾನನ ಬಳಿ ಕರಾರಿನಷ್ಟು ವರ್ಷ ದುಡಿದರೆ, ಅವಧಿ ಮುಗಿದಾಗ 50 ಎಕರೆ. ಕರೆತಂದ ಯಜಮಾನನಿಗೂ ತಲೆಗೆ 50 ಎಕರೆ. ಹಡಗಿನ ದರ ಯಜಮಾನರಿಗೆ ಹೆಚ್ಚೆಂದರೆ 6 ಪೌಂಡ್, ಆಳುಗಳಿಗೆ 5, ಏಳು ವರ್ಷದೊಳಗಿನ ಮಕ್ಕಳಿಗೆ 50 ಶಿಲ್ಲಿಂಗ್, ಹಾಲುಗೂಸಿಗೆ ಬಿಟ್ಟಿ.

ಒಂದು ಷರತ್ತು ಆ ಕಾಲಕ್ಕೆ ವಿಶೇಷ: ಐದು ಎಕರೆ ಕಾಡು ಕಡಿದರೆ ಒಂದು ಎಕರೆ ಮರ ಉಳಿಸಬೇಕು. ಕಾರಣ ಪರಿಸರಕ್ಕಿಂತ ವ್ಯಾಪಾರದ್ದು. ಓಕ್ ಮರ ಹಡಗಿಗೆ, ಹಿಪ್ಪುನೇರಳೆ ರೇಷ್ಮೆಗೆ.

ಕಾಗದಪತ್ರದ ದಾರಿ ಉದ್ದ. ಲಂಡನ್ನಿನಲ್ಲಿ ದುಡ್ಡು ಕಟ್ಟಿ ಕ್ರಯಪತ್ರ ಪಡೆದವನಿಗೆ ಇಷ್ಟು ಎಕರೆ ಎಂಬ ಹಕ್ಕು ಬರುತ್ತಿತ್ತು, ಇಂಥಲ್ಲೇ ಎಂದಿರಲಿಲ್ಲ. ಕಡಲು ದಾಟಿ ಹೋಗಿ ಅರ್ಜಿ ಹಾಕಬೇಕು. ಭೂಮಿ ಕಚೇರಿ ಅಳತೆಗೆ ಆದೇಶ ಕೊಡುತ್ತದೆ, ಅದಕ್ಕೆ ವಾರಂಟ್ ಎಂದು ಹೆಸರು. ಸರ್ವೇಯರ್ ಅಳೆದು ನಕ್ಷೆ ಬರೆಯುತ್ತಾನೆ. ನಕ್ಷೆ ಕಚೇರಿಗೆ ವಾಪಸಾಗಿ, ಬಾಕಿಯೆಲ್ಲ ಚುಕ್ತಾ ಆದ ಮೇಲೆ ಪೇಟೆಂಟ್ ಎಂಬ ಕೊನೆಯ ಹಕ್ಕುಪತ್ರ. ಹದ್ದುಬಸ್ತು, ಪೋಡಿ, ಪಹಣಿ ಎಂದು ತಾಲ್ಲೂಕು ಕಚೇರಿ ಸುತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಳತೆಯ ಮಾನದಲ್ಲೂ ನಂಟಿದೆ. ಅಲ್ಲಿ ಬಳಸಿದ ಪರ್ಚ್ ಎಂಬ ಅಳತೆ ಹದಿನಾರೂವರೆ ಅಡಿ, ಇಂಗ್ಲಿಷರ 66 ಅಡಿ ಸರಪಳಿಯ ಕಾಲುಭಾಗ. ನಮ್ಮ ಗುಂಟೆ 33 ಅಡಿ ಚೌಕ, ಅಂದರೆ ಅದೇ ಸರಪಳಿಯ ಅರ್ಧದ ಚೌಕ. ಎಕರೆಗೆ 40 ಗುಂಟೆ ಬರುವುದು ಆ ಲೆಕ್ಕದಿಂದಲೇ.

ಎಡವಟ್ಟುಗಳೂ ಪರಿಚಿತವೇ. ಗಡಿಗುರುತು ಬಹುಪಾಲು ಮರಗಳು. ಮರ ಬಿದ್ದರೆ ಜಗಳ ಎದ್ದಿತು. ರಸ್ತೆಗೆಂದು ನೂರಕ್ಕೆ ಆರರಷ್ಟು ಹೆಚ್ಚುವರಿ ನೆಲ ಸೇರಿಸಿ ಅಳೆಯುವ ರೂಢಿಯಿತ್ತು, ಹಾಗಾಗಿ ಕಾಗದದ ಎಕರೆಗೂ ನೆಲದ ಎಕರೆಗೂ ತಾಳೆಯಾಗುತ್ತಿರಲಿಲ್ಲ. ಪೇಟೆಂಟ್ ಪಡೆಯಲು ಹಳೆಯ ಬಾಕಿ ತೀರಿಸಬೇಕಾದ್ದರಿಂದ ಎಷ್ಟೋ ಜನ ನಕ್ಷೆಯ ಹಂತಕ್ಕೇ ನಿಂತು ಉಳುತ್ತಾ ಹೋದರು. ಒಡೆಯನಿಗೆ ಬರಬೇಕಾದ ಶಿಲ್ಲಿಂಗುಗಳು ಬರಲೇ ಇಲ್ಲ. ಮೊದಲ ನಾಲ್ಕೈದು ವರ್ಷಗಳಲ್ಲಿ ಸುಮಾರು 600 ಜನ 7 ಲಕ್ಷ ಎಕರೆಯಷ್ಟು ಕೊಂಡರೂ ಪೆನ್ ಕೈಯಲ್ಲಿ ಕಾಸು ನಿಲ್ಲದ್ದಕ್ಕೆ ಇದು ಮುಖ್ಯ ಕಾರಣ.

ಚೌಕಗಳ ಊರು

ಪೆನ್ 1682ರ ಆಗಸ್ಟ್ ಕೊನೆಯಲ್ಲಿ ವೆಲ್ಕಮ್ ಎಂಬ ಹಡಗು ಹತ್ತಿದ. ಸುಮಾರು ನೂರು ಪ್ರಯಾಣಿಕರಲ್ಲಿ ಮೂವತ್ತರಷ್ಟು ಜನ ಸಿಡುಬಿಗೆ ದಾರಿಯಲ್ಲೇ ಸತ್ತರು. ಅಕ್ಟೋಬರ್ 27ರಂದು ಡೆಲವೇರ್ ದಂಡೆಯ ನ್ಯೂಕ್ಯಾಸಲ್ ಊರಿನಲ್ಲಿ ಇಳಿದಾಗ ಅವನ ಕೈಗೆ ಒಂದು ಹೆಂಟೆ ಮಣ್ಣು, ಅದರಲ್ಲಿ ಚುಚ್ಚಿದ ಕೊಂಬೆ, ನದಿಯ ನೀರು ಕೊಟ್ಟರು. ಭೂಮಿ ಕೈಬದಲಾಯಿತು ಎಂದು ತೋರಿಸುವ ಇಂಗ್ಲಿಷರ ಹಳೆಯ ಶಾಸ್ತ್ರ ಅದು.

ಫಿಲಡೆಲ್ಫಿಯದ ನಕ್ಷೆ ಬರೆದವನು ಸರ್ವೇಯರ್ ಥಾಮಸ್ ಹೋಮ್. ಡೆಲವೇರ್, ಸ್ಕೂಲ್‌ಕಿಲ್ ನದಿಗಳ ನಡುವೆ ಎರಡು ಮೈಲಿ ಉದ್ದ, ಒಂದು ಮೈಲಿ ಅಗಲ. ನಡುವೆ ಹಾಯುವ ಎರಡು ಬೀದಿಗಳು 100 ಅಡಿ, ಉಳಿದವು 50 ಅಡಿ. ಮಧ್ಯದಲ್ಲಿ 10 ಎಕರೆಯ ಚೌಕ, ನಾಲ್ಕು ಭಾಗಗಳಲ್ಲಿ 8 ಎಕರೆಯ ಒಂದೊಂದು. ಮನೆ ನಿವೇಶನದ ನಡುವೆ ಇರಬೇಕು, ಸುತ್ತ ತೋಟ ಇರಬೇಕು. 1665ರ ಪ್ಲೇಗ್, 1666ರ ಲಂಡನ್ ಬೆಂಕಿ ಎರಡೂ ನಡೆದ ಕಾಲದವನ ಯೋಜನೆ ಇದು. ಎಂದೂ ಸುಡದ ಹಸಿರು ಊರು ಬೇಕೆಂದು ಅವನೇ ಬರೆದಿದ್ದ. ನದಿಯಿಂದ ನದಿಗೆ ಹೋಗುವ ಬೀದಿಗಳಿಗೆ ಚೆಸ್ಟ್‌ನಟ್, ವಾಲ್‌ನಟ್, ಪೈನ್ ಎಂದು ಮರಗಳ ಹೆಸರು, ಅವನ್ನು ಅಡ್ಡ ಹಾಯುವ ಬೀದಿಗಳಿಗೆ ಅಂಕಿ. ಕ್ವೇಕರರು ವಾರದ ದಿನಗಳನ್ನೂ ಮೊದಲ ದಿನ, ಎರಡನೆಯ ದಿನ ಎಂದೇ ಎಣಿಸುತ್ತಿದ್ದರು.

ನಕ್ಷೆಯಂತೆ ಊರು ಬೆಳೆಯಲಿಲ್ಲ. ದೊಡ್ಡ ಜಮೀನು ಕೊಂಡವರಿಗೆ ಪ್ರತಿ 500 ಎಕರೆಗೆ ಊರಲ್ಲಿ 10 ಎಕರೆ ಎಂದು ಮಾತುಕೊಟ್ಟಿದ್ದ. ಆದರೆ ನದಿದಂಡೆ ಆಗಲೇ ಸ್ವೀಡನ್ನಿನ ರೈತರ ಕೈಲಿತ್ತು. ಕೊಂಡು ಕೂಡಿಸಿದ್ದು ಒಟ್ಟು 1,200 ಎಕರೆ. ಕೊರತೆ ತುಂಬಲು ಊರಾಚೆ ನೆಲ ಕೊಟ್ಟ, ಗೊಣಗಾಟ ನಿಲ್ಲಲಿಲ್ಲ. ವ್ಯಾಪಾರಿಗಳಿಗೆ ಬೇಕಾದ್ದು ಬಂದರು, ತೋಟವಲ್ಲ. ಎಲ್ಲರೂ ಡೆಲವೇರ್ ದಂಡೆಗೆ ಒತ್ತಿಕೊಂಡರು, ನಿವೇಶನಗಳನ್ನು ಸೀಳಿ ಓಣಿ ತೆಗೆದರು. ಇಂದು ಪ್ರವಾಸಿಗರು ಚಿತ್ರ ತೆಗೆಯುವ ಎಲ್‌ಫ್ರೆತ್ಸ್ ಓಣಿ ಹಾಗೆ ಹುಟ್ಟಿದ್ದು, ಪೆನ್ ಯೋಜನೆಗೆ ವಿರುದ್ಧವಾಗಿ.

ಕಾನೂನು ಉದಾರವಾಗಿತ್ತು: ಮರಣದಂಡನೆ ಉದ್ದೇಶಪೂರ್ವಕ ಕೊಲೆಗೆ ಮಾತ್ರ, ಏಕದೇವರನ್ನು ನಂಬುವ ಯಾರಿಗೂ ಪೂಜೆಯ ಸ್ವಾತಂತ್ರ್ಯ. ಸರ್ಕಾರಿ ಹುದ್ದೆ ಮಾತ್ರ ಕ್ರೈಸ್ತರಿಗೇ. ಗುಲಾಮಗಿರಿಯೂ ಇತ್ತು. ಪೆನ್ನನ ಸ್ವಂತ ತೋಟದಲ್ಲೂ ಆಫ್ರಿಕದಿಂದ ತಂದ ಗುಲಾಮರು ದುಡಿದರು. ಜರ್ಮನ್‌ಟೌನಿನ ನಾಲ್ವರು 1688ರಲ್ಲೇ ಇದು ತಪ್ಪೆಂದು ಬರೆದುಕೊಟ್ಟ ಮನವಿಯನ್ನು ಕ್ವೇಕರ್ ಸಭೆಗಳು ಪಕ್ಕಕ್ಕಿಟ್ಟವು.

ಅಲ್ಲಿ ಮೊದಲಿದ್ದವರು

ನೆಲ ಖಾಲಿ ಇರಲಿಲ್ಲ. ಅದು ಲೆನಾಪೆ ಜನರ ನಾಡು. ಸನ್ನದು ಕೈಲಿದ್ದರೂ ಅವರಿಂದ ಮತ್ತೆ ಕೊಂಡೇ ನೆಲೆಸಬೇಕು ಎಂಬುದು ಪೆನ್ ನಿಲುವು. 1682ರ ಜುಲೈ 15ರ ಮೊದಲ ಖರೀದಿಗೆ ಅವನ ಸೋದರಸಂಬಂಧಿ ವಿಲಿಯಂ ಮಾರ್ಕಮ್ ಕೊಟ್ಟ ಸಾಮಾನಿನ ಪಟ್ಟಿ ಉಳಿದಿದೆ: 350 ಮಾರು ವಾಂಪಮ್ (ಚಿಪ್ಪಿನ ಮಣಿಸರ), 20 ಬಂದೂಕು, 20 ಕಡಾಯಿ, 40 ಕೊಡಲಿ, 200 ಚಾಕು, ಇನ್ನೂ ಬಹಳ. ಪೆನ್ನೂ ಲೆನಾಪೆ ನಾಯಕ ತಮನೆಂಡ್‌ನೂ ಶಕಮ್ಯಾಕ್ಸನ್‌ನಲ್ಲಿ ಎಲ್ಮ್ ಮರದಡಿ ಒಪ್ಪಂದ ಮಾಡಿಕೊಂಡರೆಂಬುದು ಪ್ರಸಿದ್ಧ. ಚಿತ್ರಗಳಲ್ಲಿ ಕಾಣುವ ಆ ದೃಶ್ಯಕ್ಕೆ ಬರೆದ ಕಾಗದವಿಲ್ಲ. ಅವನು ಬದುಕಿದ್ದಷ್ಟು ಕಾಲ ಅಲ್ಲಿ ಯುದ್ಧವಾಗಲಿಲ್ಲ ಎಂಬುದಂತೂ ನಿಜ. ತೊಡಕು ಅರ್ಥದ್ದು: ಇಂಗ್ಲಿಷರಿಗೆ ಮಾರಾಟವೆಂದರೆ ಹಳಬರು ಹೊರಡಬೇಕು, ಲೆನಾಪೆಗಳಿಗೆ ಅದು ಜೊತೆಯಲ್ಲಿ ಬಳಸಲು ಕೊಟ್ಟ ಒಪ್ಪಿಗೆ.

ನಲವತ್ತನೆಯ ಅಕ್ಷಾಂಶದ ಗೋಜಲು

ಪೆನ್ ಅಮೆರಿಕದಲ್ಲಿ ಇದ್ದದ್ದು ಎರಡೇ ಸಲ, 1682–84 ಮತ್ತು 1699–1701. ಕೂಡಿದರೆ ನಾಲ್ಕು ವರ್ಷವೂ ಆಗದು. ಮೊದಲ ಸಲ ಅವನನ್ನು ವಾಪಸು ಓಡಿಸಿದ್ದು ಗಡಿ ಜಗಳ.

ದಕ್ಷಿಣದ ಮೇರಿಲ್ಯಾಂಡಿಗೆ 40ನೆಯ ಅಕ್ಷಾಂಶದವರೆಗೆ ನೆಲವೆಂದು 1632ರ ಸನ್ನದು ಹೇಳಿತ್ತು. ಪೆನ್ ಸನ್ನದಿನ ಪ್ರಕಾರ ಗಡಿ ನ್ಯೂಕ್ಯಾಸಲ್ ಸುತ್ತ ಹನ್ನೆರಡು ಮೈಲಿಯ ವೃತ್ತ ಬರೆದು, ಅದು 40ನೆಯ ಅಕ್ಷಾಂಶಕ್ಕೆ ತಾಗಿದಲ್ಲಿಂದ ಪಶ್ಚಿಮಕ್ಕೆ. ಆಗಿನ ನಕ್ಷೆಗಳು ಅಕ್ಷಾಂಶವನ್ನು ತೀರಾ ದಕ್ಷಿಣಕ್ಕೆ ತೋರಿಸುತ್ತಿದ್ದವು. ನಿಜದಲ್ಲಿ ಆ ವೃತ್ತ ಅಕ್ಷಾಂಶವನ್ನು ಎಲ್ಲೂ ಮುಟ್ಟುವುದಿಲ್ಲ. ಇನ್ನೂ ಕಷ್ಟದ್ದೆಂದರೆ ಫಿಲಡೆಲ್ಫಿಯ ಇರುವುದು 39 ಡಿಗ್ರಿ 57 ಮಿನಿಟಿನಲ್ಲಿ. ಮೇರಿಲ್ಯಾಂಡಿನ ಒಡೆಯ ಲಾರ್ಡ್ ಬಾಲ್ಟಿಮೋರ್‌ನ ಲೆಕ್ಕದಲ್ಲಿ ಊರೇ ಅವನದು. ಈ ವ್ಯಾಜ್ಯ ಮುಗಿಯಲು ಎಂಬತ್ತು ವರ್ಷ ಹಿಡಿಯಿತು. 1763ರಿಂದ 67ರವರೆಗೆ ಚಾರ್ಲ್ಸ್ ಮೇಸನ್, ಜೆರೆಮಯ ಡಿಕ್ಸನ್ ಎಂಬ ಇಬ್ಬರು ನಕ್ಷತ್ರ ನೋಡಿ ಅಳೆದು ಹಾಕಿದ ಗೆರೆ, 39 ಡಿಗ್ರಿ 43 ಮಿನಿಟಿನದು, ಇಂದಿಗೂ ಗಡಿ.

ಓದದೆ ಹಾಕಿದ ಸಹಿ

ಪೆನ್ನನ ಲೆಕ್ಕಪತ್ರ ನೋಡುತ್ತಿದ್ದವನು ಫಿಲಿಪ್ ಫೋರ್ಡ್, ಅವನೂ ಕ್ವೇಕರ್. ಬಂದ ಹಣದ ಮೇಲೆ ಕಮಿಷನ್, ಕೊಟ್ಟ ಹಣದ ಮೇಲೆ ಕಮಿಷನ್, ಬಾಕಿಗೆ ಚಕ್ರಬಡ್ಡಿ. ಪೆನ್ ಹಾಳೆಗಳನ್ನು ಸರಿಯಾಗಿ ಓದದೆ ಸಹಿ ಮಾಡುತ್ತಿದ್ದ. 1682ರಲ್ಲಿ ಹಡಗು ಹತ್ತುವ ಗಡಿಬಿಡಿಯಲ್ಲಿ ಜಮೀನನ್ನು ಆಧಾರವಾಗಿ ಬರೆದುಕೊಟ್ಟ. 1697ರ ಹೊತ್ತಿಗೆ ಕಾಗದದ ಮೇಲೆ ಇಡೀ ಪೆನ್ಸಿಲ್ವೇನಿಯ ಫೋರ್ಡ್‌ನದಾಗಿತ್ತು, ಪೆನ್ ಅದರ ಬಾಡಿಗೆದಾರ. ಸ್ನೇಹಿತರ ನಡುವಿನ ಗುಟ್ಟೆಂದು ಇಬ್ಬರೂ ಮುಚ್ಚಿಟ್ಟಿದ್ದರು. 1702ರಲ್ಲಿ ಫೋರ್ಡ್ ಸತ್ತಾಗ ಹೆಂಡತಿ ಬ್ರಿಜೆಟ್ ಕೋರ್ಟಿಗೆ ಹೋದಳು. 1708ರಲ್ಲಿ, 63ನೆಯ ವಯಸ್ಸಿನಲ್ಲಿ, ಪೆನ್ ಸಾಲಗಾರರ ಸೆರೆಮನೆ ಸೇರಿದ. ಕೊನೆಗೆ ಕ್ವೇಕರ್ ಗೆಳೆಯರು ಹಣ ಕೂಡಿಸಿ 7,600 ಪೌಂಡಿಗೆ ರಾಜಿ ಮಾಡಿಸಿದರು.

ಬೇಸತ್ತು, ಆಳುವ ಹಕ್ಕನ್ನು 12,000 ಪೌಂಡಿಗೆ ಸರ್ಕಾರಕ್ಕೇ ಮಾರಲು ಹೊರಟ. 1,000 ಪೌಂಡ್ ಮುಂಗಡವೂ ಬಂತು. 1712ರ ಅಕ್ಟೋಬರಿನಲ್ಲಿ, ಫಿಲಡೆಲ್ಫಿಯದ ಕಾರ್ಯದರ್ಶಿ ಜೇಮ್ಸ್ ಲೋಗನ್‌ಗೆ ಪತ್ರ ಬರೆಯುತ್ತಿದ್ದಾಗ ಲಕ್ವ ಹೊಡೆಯಿತು. ವಾಕ್ಯ ಅರ್ಧಕ್ಕೇ ನಿಂತಿದೆ. ಮಾರಾಟವೂ ಅಲ್ಲಿಗೇ ನಿಂತಿತು. ಅಲ್ಲಿಂದ 1726ರವರೆಗೆ ಸೀಮೆಯ ವ್ಯವಹಾರ ನಡೆಸಿದವಳು ಎರಡನೆಯ ಹೆಂಡತಿ ಹ್ಯಾನ್ನ ಕ್ಯಾಲೋಹಿಲ್, ಬ್ರಿಸ್ಟಲ್ ವ್ಯಾಪಾರಿಯ ಮಗಳು, ಲೆಕ್ಕ ಬಲ್ಲವಳು. ಪೆನ್ 1718ರ ಜುಲೈ 30ರಂದು ಬರ್ಕ್‌ಶೈರಿನ ರಸ್ಕೂಮ್‌ನಲ್ಲಿ ತೀರಿಕೊಂಡ. ಸಮಾಧಿ ಬಕಿಂಗ್‌ಹ್ಯಾಮ್‌ಶೈರಿನ ಜಾರ್ಡನ್ಸ್‌ನಲ್ಲಿ, ಇಬ್ಬರು ಹೆಂಡಿರ ಜೊತೆಗೆ.

ಮಕ್ಕಳ ಪಾಲಿಗೆ

ಮೊದಲ ಹೆಂಡತಿ ಗುಲಿಯೆಲ್ಮ ಸ್ಪ್ರಿಂಗೆಟ್‌ಳ ಮಗನಿಗೆ ಇಂಗ್ಲೆಂಡ್, ಐರ್ಲೆಂಡಿನ ಆಸ್ತಿ ಹೋಯಿತು. ಪೆನ್ಸಿಲ್ವೇನಿಯ ಹ್ಯಾನ್ನಳ ಮಕ್ಕಳಾದ ಜಾನ್, ಥಾಮಸ್, ರಿಚರ್ಡ್‌ಗೆ ಬಂತು. ಥಾಮಸ್, ರಿಚರ್ಡ್ ಇಬ್ಬರೂ ಅಪ್ಪನ ಪಂಥದಲ್ಲಿ ಉಳಿಯಲಿಲ್ಲ. ಅಪ್ಪನ ಸಾಲ ಬೆನ್ನಿಗಿತ್ತು, ಮಾರಲು ನೆಲ ಬೇಕಿತ್ತು. ಒಬ್ಬ ಮನುಷ್ಯ ಒಂದೂವರೆ ದಿನ ನಡೆದಷ್ಟು ನೆಲ ಕೊಡುವುದಾಗಿ ಲೆನಾಪೆಗಳು 1686ರಲ್ಲಿ ಒಪ್ಪಿದ್ದರೆಂದು ಹಳೆಯ ಕಾಗದವೊಂದನ್ನು ಹೊರತೆಗೆದರು. 1737ರ ಸೆಪ್ಟೆಂಬರಿನಲ್ಲಿ ಮೊದಲೇ ದಾರಿ ಸವರಿಸಿ, ಮೂವರು ಗಟ್ಟಿ ಓಟಗಾರರನ್ನು ಬಿಟ್ಟರು. ಎಡ್ವರ್ಡ್ ಮಾರ್ಷಲ್ ಎಂಬವನು 60 ಮೈಲಿಗೂ ಹೆಚ್ಚು ಮುಟ್ಟಿದ. ಅಲ್ಲಿಂದ ನದಿಗೆ ಹತ್ತಿರದ ಗೆರೆ ಎಳೆಯದೆ ಓರೆಯಾಗಿ ಎಳೆದು ಸುಮಾರು 1,200 ಚದರ ಮೈಲಿ ದಕ್ಕಿಸಿಕೊಂಡರು. ಪೆನ್ ಗಳಿಸಿದ್ದ ನಂಬಿಕೆ ಆ ಒಂದೂವರೆ ದಿನದಲ್ಲಿ ಹೋಯಿತು. 1755ರಿಂದ ಅಲ್ಲಿ ಯುದ್ಧ.

ಸ್ವಾತಂತ್ರ್ಯ ಬಂದ ಮೇಲೆ, 1779ರಲ್ಲಿ, ಪೆನ್ಸಿಲ್ವೇನಿಯದ ಶಾಸನಸಭೆ ಆ ಮನೆತನದ ಒಡೆತನವನ್ನು ತೆಗೆದುಹಾಕಿ 1,30,000 ಪೌಂಡ್ ಪರಿಹಾರ ಗೊತ್ತುಮಾಡಿತು. ನೂರೆಕರೆಗೆ ಒಂದು ಶಿಲ್ಲಿಂಗಿನ ವಾರ್ಷಿಕ ಬಾಕಿಯೂ ಅಂದೇ ರದ್ದಾಯಿತು.